ಅಮೆರಿಕದ ಹಾಲಿಗೆ ನಮ್ಮಲ್ಲಿ ತಡೆ ಯಾಕೆ? ಹಸುವಿನ ಮೇವಿನ ಜಗಳ, ಹಾಲಿನ ಪುಡಿಯ ಲೆಕ್ಕ

ಭಾರತ–ಅಮೆರಿಕ ವ್ಯಾಪಾರ ಮಾತುಕತೆಯ ಸುದ್ದಿ ಬಂದಾಗಲೆಲ್ಲ ಅದರ ಬೆನ್ನಿಗೇ ‘ನಾನ್‌ವೆಜ್ ಹಾಲು’ ಅನ್ನುವ ಮಾತೂ ಬರುತ್ತದೆ. 2025ರ ಜುಲೈನಲ್ಲಿ ಇದು ಟಿವಿ ಚರ್ಚೆಯಿಂದ ಹಿಡಿದು ಮನೆಮಂದಿಯ ವಾಟ್ಸಾಪ್ ಗುಂಪಿನವರೆಗೆ ಓಡಾಡಿತು. ಓದಿದವರಿಗೆ ಅರ್ಥವಾಗಿದ್ದು ಕಡಿಮೆ, ಗೊಂದಲವಾಗಿದ್ದೇ ಜಾಸ್ತಿ. ಅಲ್ಲಿ ಹಾಲಿಗೆ ಮಾಂಸ ಬೆರೆಸುತ್ತಾರಾ? ವಿದೇಶದ ಹಾಲಿನ ಉತ್ಪನ್ನಕ್ಕೆ ನಿಷೇಧ ಇದ್ದರೆ ಸೂಪರ್ ಮಾರ್ಕೆಟ್‌ನಲ್ಲಿ ಯುರೋಪಿನ ಚೀಸ್ ಹೇಗೆ ಸಿಗುತ್ತದೆ? ಇದು ಧರ್ಮದ ವಿಷಯವಾ, ಆರೋಗ್ಯದ್ದಾ, ಇಲ್ಲ ದುಡ್ಡಿನದಾ?

ಮೂರೂ ಇದರಲ್ಲಿ ಇವೆ. ಆದರೆ ನಾವು ಹೊರಗೆ ಹೇಳುವ ಕಾರಣ ಒಂದು, ನಿಜವಾಗಿ ಹೈನುಗಾರರನ್ನು ಕಾಯುತ್ತಿರುವ ಗೋಡೆ ಇನ್ನೊಂದು. ಈ ಎರಡನ್ನೂ ಒಂದೇ ಅಂದುಕೊಂಡರೆ ಮುಂದೆ ಏನಾಗಬಹುದು ಅನ್ನುವುದು ಕಣ್ಣಿಗೆ ಬೀಳುವುದೇ ಇಲ್ಲ.

ನಿಯಮದಲ್ಲಿ ಏನಿದೆ

ಹೊರದೇಶದಿಂದ ಹಾಲು, ಮಾಂಸ, ಮೀನು, ಮೊಟ್ಟೆ ಇಂಥದ್ದು ಬರಬೇಕಾದರೆ ಎರಡು ಕಡೆಯ ಒಪ್ಪಿಗೆ ಬೇಕು. ಒಂದು ಕೇಂದ್ರದ ಪಶುಸಂಗೋಪನೆ ಮತ್ತು ಹೈನುಗಾರಿಕೆ ಇಲಾಖೆ. ಇದರ ಕೈಯಲ್ಲಿರುವುದು 1898ರಷ್ಟು ಹಳೆಯ ಜಾನುವಾರು ಆಮದು ಕಾಯ್ದೆ. ಇನ್ನೊಂದು ಆಹಾರ ಸುರಕ್ಷತೆ ನೋಡುವ ಎಫ್‌ಎಸ್‌ಎಸ್‌ಎಐ. ಸರಕಿನ ಜೊತೆಗೆ ಕಳಿಸುವ ದೇಶದ ಸರ್ಕಾರ ಸಹಿ ಹಾಕಿದ ಆರೋಗ್ಯ ಪ್ರಮಾಣಪತ್ರ ಇರಬೇಕು. ಖಾಸಗಿ ಕಂಪನಿ ಬರೆದುಕೊಟ್ಟರೆ ನಡೆಯುವುದಿಲ್ಲ. ಕೆಲವಕ್ಕಂತೂ ಬಾಗಿಲೇ ಮುಚ್ಚಿದೆ. ಗೋಮಾಂಸ ಯಾವ ರೂಪದಲ್ಲೂ ಬರುವಂತಿಲ್ಲ. ಚೀನಾದ ಹಾಲಿನ ಉತ್ಪನ್ನಗಳಿಗೆ 2008ರ ಮೆಲಮೈನ್ ಕಲಬೆರಕೆಯ ಹಗರಣದ ನಂತರ ನಿಷೇಧ ಬಿತ್ತು, ಆಮೇಲೆ ಅದನ್ನು ಮತ್ತೆ ಮತ್ತೆ ಮುಂದುವರಿಸುತ್ತಾ ಬಂದರು.

ಹಾಲಿನ ಪ್ರಮಾಣಪತ್ರದಲ್ಲಿ ಒಂದು ಸಾಲಿದೆ, ಜಗಳವೆಲ್ಲ ಅದರ ಮೇಲೇ. ಹಾಲು ಕೊಟ್ಟ ಪ್ರಾಣಿಗೆ ಮೆಲುಕು ಹಾಕುವ ಪ್ರಾಣಿಗಳ ಇಲ್ಲವೇ ಹಂದಿಯ ಒಳಾಂಗ, ರಕ್ತದ ಪುಡಿ, ಅಂಗಾಂಶ ಇವುಗಳಿಂದ ಮಾಡಿದ ಆಹಾರ ಹಾಕಿಲ್ಲ ಅಂತ ಆ ದೇಶದ ಸರ್ಕಾರ ಖಾತ್ರಿ ಕೊಡಬೇಕು. 2003ರಿಂದ ಈ ಷರತ್ತಿದೆ. ಅಮೆರಿಕ ಸರ್ಕಾರ ಇದಕ್ಕೆ ಒಪ್ಪಿಲ್ಲ. ಹಾಗಾಗಿ ಅಲ್ಲಿನ ಡೇರಿ ಉತ್ಪನ್ನಗಳಿಗೆ ಹೆಚ್ಚುಕಡಿಮೆ ಎರಡು ದಶಕದಿಂದ ನಮ್ಮ ಬಾಗಿಲು ಮುಚ್ಚಿದೆ.

ಗಮನಿಸಿ, ಪಟ್ಟಿಯಲ್ಲಿ ಮೀನಿನ ಪುಡಿಯ ಹೆಸರಿಲ್ಲ, ಕೋಳಿಯ ಹೆಸರೂ ಇಲ್ಲ. ಅಂದರೆ ಇದು ‘ಹಸು ಸಸ್ಯಾಹಾರಿಯೇ ಆಗಿರಬೇಕು’ ಅನ್ನುವ ನಿಯಮ ಅಲ್ಲ. ದನಕ್ಕೆ ದನವನ್ನೇ ತಿನ್ನಿಸಬಾರದು, ಹಂದಿಯನ್ನೂ ತಿನ್ನಿಸಬಾರದು ಅನ್ನುವ ನಿಯಮ. ಇನ್ನು ಹಾಲಿಗೆ ಯಾರೂ ಮಾಂಸ ಬೆರೆಸುವುದಿಲ್ಲ. ಆ ಸಂದೇಶ ಬಂದರೆ ಅಲ್ಲೇ ಅಳಿಸಿಬಿಡಿ.

ಹುಲ್ಲು ತಿನ್ನುವ ಹಸುವಿಗೆ ರಕ್ತದ ಪುಡಿ ಯಾಕೆ

ಅಮೆರಿಕದಲ್ಲಿ ಸುಮಾರು 95 ಲಕ್ಷ ಕರೆಯುವ ಹಸುಗಳಿವೆ. ಅವು ವರ್ಷಕ್ಕೆ 10 ಕೋಟಿ ಟನ್ನಿನಷ್ಟು ಹಾಲು ಕೊಡುತ್ತವೆ. ಲೆಕ್ಕ ಹಾಕಿದರೆ ಒಂದೊಂದು ಹಸು ವರ್ಷಕ್ಕೆ ಹತ್ತು ಟನ್ನಿಗಿಂತ ಜಾಸ್ತಿ. ಇಷ್ಟು ಹಾಲು ಬರೀ ಹುಲ್ಲಿನಿಂದ ಬರುವುದಿಲ್ಲ. ನಾವು ಹಿಂಡಿ, ಬೂಸಾ ಕೊಡುತ್ತೇವಲ್ಲ, ಅದನ್ನು ಹಸುವಿನ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಒಡೆದು ತಮ್ಮದಾಗಿಸಿಕೊಳ್ಳುತ್ತವೆ. ತುಂಬ ಹಾಲು ಕೊಡುವ ಹಸುವಿಗೆ ಅಲ್ಲಿ ಒಡೆಯದೆ ನೇರ ಕರುಳಿಗೆ ಹೋಗುವ ಪ್ರೋಟೀನ್ ಕೂಡ ಬೇಕು, ಅದರಲ್ಲೂ ಲೈಸಿನ್ ಅನ್ನುವ ಅಂಶ ಬೇಕು. ಒಣಗಿಸಿದ ರಕ್ತದ ಪುಡಿಯಲ್ಲಿ ಇವೆರಡೂ ಇವೆ. ಕಸಾಯಿಖಾನೆಯಲ್ಲಿ ರಕ್ತ ಹೇಗೂ ಉಳಿಯುತ್ತದೆ, ಅದನ್ನು ಎಸೆಯುವುದಕ್ಕೂ ಖರ್ಚಿದೆ. ಹೀಗಾಗಿ ಅಲ್ಲಿ ಇದು ವಿಚಿತ್ರವೂ ಅಲ್ಲ, ಗುಟ್ಟಿನ ದಂಧೆಯೂ ಅಲ್ಲ. ಮಾಂಸದ ಉದ್ಯಮದ ಉಳಿಕೆ ಹಾಲಿನ ಉದ್ಯಮಕ್ಕೆ ಮೇವಾಗುತ್ತದೆ, ಎರಡೂ ಕಡೆ ಲೆಕ್ಕ ಸರಿಹೋಗುತ್ತದೆ.

ಇದರಲ್ಲಿ ಅಪಾಯವೂ ಇದೆ ಅನ್ನುವುದು ಜಗತ್ತಿಗೆ ಗೊತ್ತಾಗಿದ್ದು ಬ್ರಿಟನ್‌ನಲ್ಲಿ. 1986ರಲ್ಲಿ ಅಲ್ಲಿ ಹಸುಗಳ ಮಿದುಳು ಸ್ಪಂಜಿನಂತಾಗುವ ಕಾಯಿಲೆ ಪತ್ತೆಯಾಯಿತು. ಜನ ಅದನ್ನು ಹುಚ್ಚು ಹಸು ರೋಗ ಅಂತ ಕರೆದರು. ಕಾಯಿಲೆ ಹಬ್ಬಿದ್ದು ಮಾಂಸ-ಮೂಳೆ ಪುಡಿಯ ಮೂಲಕ. ಅಂದರೆ ಸತ್ತ ದನದ ಉಳಿಕೆಯನ್ನು ಬದುಕಿರುವ ದನಕ್ಕೆ ತಿನ್ನಿಸಿದ್ದರಿಂದ. 1988ರಲ್ಲಿ ಬ್ರಿಟನ್ ಅದನ್ನು ನಿಲ್ಲಿಸಿತು. 1996ರ ಮಾರ್ಚ್‌ನಲ್ಲಿ, ಈ ಕಾಯಿಲೆಗೂ ಮನುಷ್ಯರ ಮಿದುಳಿಗೆ ಬರುವ ಒಂದು ಮಾರಕ ಕಾಯಿಲೆಗೂ ಸಂಬಂಧ ಇರುವ ಸಾಧ್ಯತೆ ಜಾಸ್ತಿ ಅಂತ ಅಲ್ಲಿನ ಸರ್ಕಾರವೇ ಒಪ್ಪಿಕೊಂಡಿತು. ಯುರೋಪ್ ಬೆಚ್ಚಿಬಿತ್ತು. 2001ರಲ್ಲಿ ಸಾಕುಪ್ರಾಣಿಗಳ ಮೇವಿನಲ್ಲಿ ಪ್ರಾಣಿಮೂಲದ ಪ್ರೋಟೀನನ್ನೇ ಹೆಚ್ಚುಕಡಿಮೆ ಪೂರ್ತಿ ನಿಷೇಧಿಸಿತು. ಈಚೆಗೆ 2021ರಲ್ಲಿ ಹಂದಿಗೆ ಕೋಳಿಯದು, ಕೋಳಿಗೆ ಹಂದಿಯದು ಅಂತ ಸ್ವಲ್ಪ ಸಡಿಲ ಮಾಡಿದ್ದಾರೆ. ದನದ ವಿಷಯದಲ್ಲಿ ಬಿಗಿ ಹಾಗೇ ಇದೆ.

ಅಮೆರಿಕವೂ 1997ರಲ್ಲಿ ನಿಷೇಧ ತಂದಿತು. ಆದರೆ ಅದರಲ್ಲಿ ಕಿಂಡಿಗಳಿವೆ. ರಕ್ತ ಮತ್ತು ರಕ್ತದ ಉತ್ಪನ್ನಕ್ಕೆ ವಿನಾಯಿತಿ, ಬರೀ ಹಂದಿ ಇಲ್ಲವೇ ಬರೀ ಕುದುರೆಯಿಂದ ಬಂದ ಪ್ರೋಟೀನ್‌ಗೆ ವಿನಾಯಿತಿ, ಜೆಲಾಟಿನ್‌ಗೆ ವಿನಾಯಿತಿ. ನಮ್ಮ ಪ್ರಮಾಣಪತ್ರ ಕೇಳುವುದೂ, ಅಮೆರಿಕದ ಕಾನೂನು ಬಿಟ್ಟಿರುವುದೂ ಸರಿಯಾಗಿ ಇಲ್ಲೇ ಡಿಕ್ಕಿ ಹೊಡೆಯುತ್ತವೆ. ಅಮೆರಿಕದಲ್ಲಿ ಮೊದಲ ಹುಚ್ಚು ಹಸು ಸಿಕ್ಕಿದ್ದು 2003ರ ಡಿಸೆಂಬರ್‌ನಲ್ಲಿ, ನಮ್ಮ ಷರತ್ತು ಶುರುವಾದ ವರ್ಷವೇ.

ಆರೋಗ್ಯದ ವಾದ ಯಾಕೆ ನಿಲ್ಲುವುದಿಲ್ಲ

ಹಾಗಾದರೆ ‘ರೋಗ ಬರುತ್ತದೆ, ಅದಕ್ಕೇ ಬೇಡ’ ಅಂದರೆ ಮುಗಿಯಿತಲ್ಲ ಅಂತ ಅನ್ನಿಸಬಹುದು. ಮುಗಿಯುವುದಿಲ್ಲ. ಈ ಕಾಯಿಲೆ ಹಾಲಿನ ಮೂಲಕ ಹರಡುವುದಿಲ್ಲ ಅನ್ನುವುದು ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ನಿಲುವು. ಒಂದು ದೇಶದಲ್ಲಿ ಹುಚ್ಚು ಹಸು ರೋಗ ಇದ್ದರೂ ಅಲ್ಲಿನ ಹಾಲಿಗೆ ಆ ಕಾರಣದಿಂದ ತಡೆ ಹಾಕಬೇಕಿಲ್ಲ ಅಂತ ಅದು ಹೇಳುತ್ತದೆ. ವಿಶ್ವ ವ್ಯಾಪಾರ ಸಂಸ್ಥೆಯ (ಡಬ್ಲ್ಯುಟಿಒ) ನಿಯಮದ ಪ್ರಕಾರ ಆರೋಗ್ಯದ ಹೆಸರಲ್ಲಿ ಆಮದು ತಡೆದರೆ ಅದಕ್ಕೆ ವಿಜ್ಞಾನದ ಆಧಾರ ಕೊಡಬೇಕು. ನಮ್ಮ ಹತ್ತಿರ ಆ ಆಧಾರ ಗಟ್ಟಿಯಾಗಿಲ್ಲ.

ಇಂಥ ವಾದ ಹಿಡಿದು ಒಮ್ಮೆ ಸೋತಿದ್ದೇವೆ ಕೂಡ. ಹಕ್ಕಿಜ್ವರದ ಕಾರಣ ಕೊಟ್ಟು ಅಮೆರಿಕದ ಕೋಳಿಮಾಂಸ, ಮೊಟ್ಟೆ ತಡೆದಿದ್ದೆವು. ಅಮೆರಿಕ ಡಬ್ಲ್ಯುಟಿಒಗೆ ಹೋಯಿತು. 2015ರಲ್ಲಿ ಮೇಲ್ಮನವಿ ಹಂತದಲ್ಲೂ ತೀರ್ಪು ನಮ್ಮ ವಿರುದ್ಧ ಬಂತು, ಅಂತರರಾಷ್ಟ್ರೀಯ ಮಾನದಂಡಕ್ಕೆ ನಿಮ್ಮ ತಡೆ ಹೊಂದುವುದಿಲ್ಲ ಅಂತ. ಕೊನೆಗೆ ಆ ವ್ಯಾಜ್ಯ ರಾಜಿಯಲ್ಲಿ ಮುಗಿಯಿತು. 2023ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಟರ್ಕಿ ಕೋಳಿ, ಬಾತುಕೋಳಿ ಇತ್ಯಾದಿಗೆ ಸುಂಕ ಇಳಿಸಲು ನಾವು ಒಪ್ಪಿಕೊಂಡೆವು.

ಹಾಲಿನ ವಿಷಯದಲ್ಲಿ ಭಾರತ ಜಾಣತನದಿಂದ ಬೇರೆ ದಾರಿ ಹಿಡಿದಿದೆ. ಇದು ನಮ್ಮ ಧರ್ಮ, ಸಂಸ್ಕೃತಿಯ ವಿಷಯ ಅನ್ನುತ್ತದೆ. ಪೂಜೆಗೆ, ಅಭಿಷೇಕಕ್ಕೆ ಹಾಲು-ತುಪ್ಪ ಬಳಸುವ ದೇಶದಲ್ಲಿ ದನದ ರಕ್ತ ತಿಂದ ಹಸುವಿನ ಹಾಲು ಬೇಡ ಅನ್ನುವುದು ಸುಮ್ನೆ ಹುಟ್ಟಿಸಿದ ನೆಪ ಅಂತ ಹೇಳಲಾಗದು, ಕೋಟ್ಯಂತರ ಜನರಿಗೆ ಅದು ನಿಜವಾಗಿಯೂ ಒಪ್ಪದ ಸಂಗತಿ. ವ್ಯಾಪಾರ ಕಾನೂನಿನಲ್ಲೂ ಸಾರ್ವಜನಿಕ ನೈತಿಕತೆಯ ಕಾರಣಕ್ಕೆ ತಡೆ ಹಾಕಲು ಅವಕಾಶ ಇದೆ. ಸೀಲ್ ಪ್ರಾಣಿಯ ಉತ್ಪನ್ನಗಳಿಗೆ ಯುರೋಪ್ ಹಾಕಿದ ನಿಷೇಧವನ್ನು ಡಬ್ಲ್ಯುಟಿಒ 2014ರಲ್ಲಿ ನೋಡಿದಾಗ, ನೈತಿಕತೆಯ ಕಾರಣವನ್ನು ಒಪ್ಪಿತು. ಆದರೆ ನಿಯಮವನ್ನು ಎಲ್ಲರಿಗೂ ಒಂದೇ ರೀತಿ ಹಚ್ಚಿಲ್ಲ ಅಂತ ತಪ್ಪು ಹಿಡಿಯಿತು.

ಹಾಗಾಗಿ ನಮಗೂ ಅದೇ ಪರೀಕ್ಷೆ ಬರುತ್ತದೆ. ನಮ್ಮ ಹಸುಗಳಿಗೂ ಇದೇ ನಿಯಮ ಇದೆಯಾ? ಕಾಗದದ ಮೇಲೆ ಇದೆ. ಹಾಲು, ಮಾಂಸ ಕೊಡುವ ಪ್ರಾಣಿಗಳಿಗೆ, ಕೋಳಿ, ಹಂದಿ, ಮೀನು ಬಿಟ್ಟು, ದನ ಇಲ್ಲವೇ ಹಂದಿ ಮೂಲದ ಮಾಂಸ-ಮೂಳೆ ಪುಡಿ ಹಾಕಬಾರದು ಅಂತ ಎಫ್‌ಎಸ್‌ಎಸ್‌ಎಐ ನಿಯಮವೂ ಹೇಳುತ್ತದೆ. ಊರಿನ ಕಸದ ರಾಶಿಯಲ್ಲಿ ಪ್ಲಾಸ್ಟಿಕ್ ಸಮೇತ ಬಿರಿಯಾನಿ ಮೇಯುವ ಬೀದಿ ಹಸುವಿಗೆ ಈ ಪ್ರಮಾಣಪತ್ರ ಯಾರು ಕೊಡುತ್ತಾರೆ ಅಂತ ಮಾತ್ರ ಕೇಳಬೇಡಿ.

ಅಮೆರಿಕ ಏನನ್ನುತ್ತದೆ, ಯುರೋಪ್ ಏನು ಮಾಡುತ್ತದೆ

ಅಮೆರಿಕದ ಡೇರಿ ಸಂಘಟನೆಗಳ ವಾದ ಸರಳ. ಷರತ್ತಿಗೆ ವಿಜ್ಞಾನದ ಆಧಾರ ಇಲ್ಲ, ಇದು ಧರ್ಮದ ಹೆಸರಲ್ಲಿ ಮಾರುಕಟ್ಟೆ ಮುಚ್ಚುವ ತಂತ್ರ. ಇದರ ಜೊತೆಗೆ ಒಂದು ನಿಜವಾದ ತೊಡಕೂ ಇದೆ. ಅಲ್ಲಿ ನೂರಾರು ಫಾರಂಗಳ ಹಾಲು ಟ್ಯಾಂಕರ್‌ಗಳಲ್ಲಿ ಬಂದು ಒಂದೇ ಕಾರ್ಖಾನೆಯಲ್ಲಿ ಸೇರುತ್ತದೆ. ಅದರಲ್ಲಿ ಯಾವ ಹಸು ಏನು ತಿಂದಿತ್ತು ಅಂತ ಸರ್ಕಾರ ಹೇಗೆ ಬರೆದುಕೊಡಬೇಕು?

ಈ ಮುನಿಸಿನ ಬೆಲೆಯನ್ನು ಭಾರತ ಒಮ್ಮೆ ತೆತ್ತಿದೆ. ಹಿಂದುಳಿದ ಮತ್ತು ಬೆಳೆಯುತ್ತಿರುವ ದೇಶಗಳಿಗೆ ಅಮೆರಿಕ ಕೊಡುತ್ತಿದ್ದ ಜಿಎಸ್‌ಪಿ ಸುಂಕ ರಿಯಾಯಿತಿಯಿಂದ ಭಾರತವನ್ನು 2019ರ ಜೂನ್ 5ರಂದು ಹೊರಗಿಟ್ಟರು. ಅದಕ್ಕೆ ದೂರು ಕೊಟ್ಟವರಲ್ಲಿ ಅಲ್ಲಿನ ಡೇರಿ ಉದ್ಯಮವೂ ಇತ್ತು, ವೈದ್ಯಕೀಯ ಸಲಕರಣೆ ತಯಾರಕರೂ ಇದ್ದರು. ಹಾಲಿನ ಜಗಳದ ಬಿಸಿ ಹಾಲಿಗೆ ಸಂಬಂಧವೇ ಇಲ್ಲದ ನಮ್ಮ ರಫ್ತುದಾರರಿಗೆ ತಟ್ಟಿತು.

ಆದರೆ ಯುರೋಪಿನ ದೇಶಗಳು ಇಂಥ ಪ್ರಮಾಣಪತ್ರ ಕೊಟ್ಟು ಚೀಸ್ ಕಳಿಸುತ್ತವೆ. ಹುಚ್ಚು ಹಸು ರೋಗದ ನಂತರ ಅವರ ಕಾನೂನೇ ನಮ್ಮ ಷರತ್ತಿನ ಹತ್ತಿರಕ್ಕೆ ಬಂದಿದೆ, ಸಹಿ ಹಾಕುವುದು ಅವರಿಗೆ ಕಷ್ಟವಲ್ಲ. ಅವರಿಗೆ ಬೇರೆ ತಕರಾರಿದೆ. ನಮ್ಮ ಆಹಾರ ಮಾನದಂಡದಲ್ಲಿ ಚೀಸ್ ಅಂದರೆ ಪ್ರಾಣಿಮೂಲದ್ದಲ್ಲದ ರೆನೆಟ್‌ನಿಂದ ಹೆಪ್ಪಾಗಿಸಿದ್ದು. ಇಟಲಿಯ ಅಪ್ಪಟ ಪಾರ್ಮಿಜಾನೊ ರೆಜಾನೊಗೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ಟೇ ಕಡ್ಡಾಯ. ಅದನ್ನು ಬದಲಾಯಿಸಿದರೆ ಆ ಹೆಸರು ಹಾಕುವಂತಿಲ್ಲ.

ಗೋಡೆ ಕಟ್ಟಿಕೊಂಡವರು ನಾವೊಬ್ಬರೇ ಅಂದುಕೊಳ್ಳುವುದೂ ತಪ್ಪು. ಜರ್ಮನಿಯಲ್ಲಿರುವ ಮಗಳಿಗೆ ಊರಿನ ತುಪ್ಪದ ಡಬ್ಬಿ ಹೊತ್ತುಕೊಂಡು ಹೋದರೆ ಫ್ರಾಂಕ್‌ಫರ್ಟ್‌ನಲ್ಲಿ ಕಿತ್ತುಕೊಳ್ಳಬಹುದು. ಯುರೋಪ್ ಒಕ್ಕೂಟದ ಹೊರಗಿನಿಂದ ಪ್ರಯಾಣಿಕರು ಹಾಲು, ಮಾಂಸದ ಉತ್ಪನ್ನ ತರುವಂತಿಲ್ಲ. ನಮ್ಮಲ್ಲಿ ಇನ್ನೂ ಇರುವ ಕಾಲುಬಾಯಿ ಜ್ವರದಂಥ ಕಾಯಿಲೆಗಳು ಒಳಗೆ ಬರಬಾರದು ಅನ್ನುವುದು ಅವರ ಭಯ.

ಪ್ರಮಾಣಪತ್ರ ತೆಗೆದರೂ ನಿಲ್ಲುವ ಗೋಡೆ

ಈಗ ಒಂದು ಪ್ರಶ್ನೆ. ನ್ಯೂಜಿಲೆಂಡ್‌ನ ಹಸುಗಳು ಬಹುಪಾಲು ಹುಲ್ಲುಗಾವಲಿನಲ್ಲೇ ಮೇಯುತ್ತವೆ. ಮೇವಿನ ಷರತ್ತೇ ಮುಖ್ಯ ಆಗಿದ್ದರೆ ಅವರ ಹಾಲಿಗೆ ನಾವು ಕೆಂಪು ಹಾಸು ಹಾಸಬೇಕಿತ್ತು, ಅಲ್ವಾ? ಆಗಿದ್ದು ಪೂರ್ತಿ ಉಲ್ಟಾ. 2019ರ ನವೆಂಬರ್‌ನಲ್ಲಿ ಏಷ್ಯಾ–ಪೆಸಿಫಿಕ್ ದೇಶಗಳ ಆರ್‌ಸಿಇಪಿ ವ್ಯಾಪಾರ ಒಪ್ಪಂದದಿಂದ ಭಾರತ ಹೊರಬಂದಾಗ, ಡೇರಿ ರೈತರು ಅತಿ ಜಾಸ್ತಿ ಹೆದರಿದ್ದು ನ್ಯೂಜಿಲೆಂಡ್‌ಗೇ. 2025ರ ಡಿಸೆಂಬರ್‌ನಲ್ಲಿ ನ್ಯೂಜಿಲೆಂಡ್ ಜೊತೆ ಒಪ್ಪಂದ ಕುದುರಿದಾಗಲೂ ಹಾಲು, ಕೆನೆ, ಚೀಸ್ ಹೊರಗೇ ಉಳಿದವು. ಆಸ್ಟ್ರೇಲಿಯಾದ ಜೊತೆ 2022ರಲ್ಲೂ, ಬ್ರಿಟನ್ ಜೊತೆ 2025ರ ಜುಲೈನಲ್ಲೂ ಡೇರಿಯನ್ನು ಬಿಟ್ಟೇ ಸಹಿ ಹಾಕಿದೆವು.

ಅಂದರೆ ನಿಜವಾದ ಗೋಡೆ ಸುಂಕ. ಚೀಸ್‌ಗೆ 30%, ಬೆಣ್ಣೆಗೆ 40%, ಹಾಲಿನ ಪುಡಿಗೆ 60%. ಮೇವಿನ ಪ್ರಮಾಣಪತ್ರ ಅದರ ಮುಂದೆ ನಿಂತಿರುವ ಇನ್ನೊಂದು ಬೇಲಿ, ಅದೂ ಮುಖ್ಯವಾಗಿ ಅಮೆರಿಕಕ್ಕೆ ಅಡ್ಡ ಬರುವ ಬೇಲಿ. ಸಂಸ್ಕೃತಿಯ ಮಾತು ಸುಳ್ಳಲ್ಲ, ಆದರೆ ಮಾತುಕತೆಯ ಮೇಜಿನ ಮೇಲೆ ಅದು ಸುಂಕದ ಕೆಲಸವನ್ನೂ ಸೇರಿಸಿ ಮಾಡುತ್ತಿದೆ. ಇದರಲ್ಲಿ ಅಪಾಯ ಇದೆ. ‘ನಮ್ಮ ಆಕ್ಷೇಪ ಮೇವಿನದ್ದು ಮಾತ್ರ’ ಅಂತ ಪದೇಪದೇ ಹೇಳಿದರೆ, ನಾಳೆ ಎದುರಿನವರು ‘ಸರಿ, ರಕ್ತದ ಪುಡಿ ಹಾಕದ ಫಾರಂಗಳಿಂದಲೇ ಕಳಿಸುತ್ತೇವೆ’ ಅಂದುಬಿಡಬಹುದು. ಅದು ಅಸಾಧ್ಯವೇನಲ್ಲ. ಅಮೆರಿಕದ ಸಾವಯವ ಪ್ರಮಾಣೀಕರಣದಲ್ಲಿ ಹಸುವಿಗೆ ಕಸಾಯಿಖಾನೆಯ ಉಳಿಕೆ ಹಾಕುವುದು ಈಗಾಗಲೇ ನಿಷಿದ್ಧ. ಸದ್ಯಕ್ಕೆ ಆ ಹಾಲು ದುಬಾರಿ. ಆದರೆ ದೊಡ್ಡ ಮಾರುಕಟ್ಟೆ ಕಣ್ಣಿಗೆ ಕಂಡರೆ ಸಾವಯವ ಅಲ್ಲದ, ಮೇವಿನ ಷರತ್ತನ್ನು ಮಾತ್ರ ಪಾಲಿಸುವ ಪ್ರತ್ಯೇಕ ಸರಬರಾಜು ಸರಪಳಿ ಕಟ್ಟುವುದು ದೊಡ್ಡ ಕಂಪನಿಗಳಿಗೆ ಎಷ್ಟು ಹೊತ್ತಿನ ಕೆಲಸ? ಆಗ ನಮ್ಮ ಕೈಯಲ್ಲಿ ಉಳಿಯುವ ವಾದ ಯಾವುದು?

ಇನ್ನೊಂದು ತಮಾಷೆ ನೋಡಿ. 2026ರ ಫೆಬ್ರವರಿಯಲ್ಲಿ ಭಾರತ–ಅಮೆರಿಕ ಮಧ್ಯಂತರ ಒಪ್ಪಂದದ ಚೌಕಟ್ಟು ಪ್ರಕಟವಾದಾಗ ಡೇರಿಯನ್ನು ಕಾಪಾಡಿದ್ದೇವೆ ಅಂತ ಸರ್ಕಾರ ಹೇಳಿತು. ಅದೇ ಚೌಕಟ್ಟಿನಲ್ಲಿ ಸುಂಕ ಇಳಿಸುವ ಸರಕುಗಳ ಪಟ್ಟಿಯಲ್ಲಿ ಡಿಡಿಜಿ ಇದೆ. ಮೆಕ್ಕೆಜೋಳದಿಂದ ಎಥನಾಲ್ ತೆಗೆದ ಮೇಲೆ ಉಳಿಯುವ ಚರಟ ಅದು, ದನ-ಕೋಳಿಗಳಿಗೆ ಆಹಾರ. ಅಮೆರಿಕದ ಹಸು ಏನು ತಿನ್ನುತ್ತದೆ ಅಂತ ನಾವು ಜಗಳವಾಡುತ್ತಿರುವಾಗ, ನಮ್ಮ ಹಸುವಿನ ಬಾನಿಗೆ ಅಮೆರಿಕದ ಮೇವು ಬರುವ ದಾರಿ ತೆರೆದುಕೊಳ್ಳುತ್ತಿದೆ.

ಕರ್ನಾಟಕದ ಹಳ್ಳಿಗೆ ಇದು ಹೇಗೆ ತಟ್ಟುತ್ತದೆ

ಹಾಲಿನಲ್ಲಿ 87% ನೀರು. ಅದನ್ನು ಹಡಗಿನಲ್ಲಿ ತುಂಬಿ ಯಾರೂ ತರುವುದಿಲ್ಲ. ಅಮೆರಿಕದ ಹಾಲಿನ ಪ್ಯಾಕೆಟ್ ನಂದಿನಿ ಬೂತಿನ ಪಕ್ಕದಲ್ಲಿ ಬಂದು ಕೂರುವ ಚಿತ್ರ ಬರೀ ಕಲ್ಪನೆ. ಬರುವುದು ಪುಡಿ, ಬೆಣ್ಣೆಯ ಕೊಬ್ಬು, ಚೀಸ್. ಹಳ್ಳಿಯ ಡೇರಿಯಲ್ಲಿ ಲೀಟರಿಗೆ ಎಷ್ಟು ಕೊಡುತ್ತಾರೆ ಅನ್ನುವುದನ್ನು ತಳದಲ್ಲಿ ಹಿಡಿದಿಟ್ಟಿರುವುದು ಈ ಪುಡಿಯ ಬೆಲೆಯೇ. ಹೇಗೆ ಅಂತ ನೋಡೋಣ.

ಕೆಎಂಎಫ್‌ನ ಹಾಲು ಸಂಗ್ರಹ 2024ರ ಮಳೆಗಾಲದಲ್ಲಿ ದಿನಕ್ಕೆ 1 ಕೋಟಿ ಲೀಟರ್ ಮುಟ್ಟಿತು. ಮಳೆ ಚೆನ್ನಾಗಿ ಆಗಿ ಹಸಿಮೇವು ಸಿಕ್ಕರೆ ಹಾಲು ಉಕ್ಕುತ್ತದೆ. ಸಹಕಾರ ಸಂಘ ‘ಇವತ್ತು ಬೇಡ’ ಅನ್ನುವಂತಿಲ್ಲ, ತಂದವರ ಹಾಲನ್ನೆಲ್ಲ ಅಳೆದುಕೊಳ್ಳಬೇಕು. ಹಾಲು, ಮೊಸರಾಗಿ ಮಾರಿ ಉಳಿದಿದ್ದನ್ನು ಪುಡಿ ಮತ್ತು ಬೆಣ್ಣೆ ಮಾಡುತ್ತಾರೆ. ಒಂದು ಕಿಲೋ ಕೆನೆರಹಿತ ಪುಡಿಗೆ ಹತ್ತು-ಹನ್ನೊಂದು ಲೀಟರ್ ಹಾಲು ಹೋಗುತ್ತದೆ. ಪುಡಿಯ ಬೆಲೆ ಚೆನ್ನಾಗಿದ್ದರೆ ಒಕ್ಕೂಟಕ್ಕೆ ಉಸಿರಾಡಲು ಜಾಗ ಸಿಗುತ್ತದೆ. ಬೆಲೆ ಬಿದ್ದರೆ ಗೋದಾಮಿನಲ್ಲಿ ಪುಡಿ ರಾಶಿ ಬೀಳುತ್ತದೆ, ಅದರಲ್ಲಿ ದುಡ್ಡು ಸಿಕ್ಕಿಹಾಕಿಕೊಳ್ಳುತ್ತದೆ, ಕೊನೆಗೆ ರೈತರಿಗೆ ಕೊಡುವ ದರ ಇಳಿಸುವುದು ಬಿಟ್ಟು ದಾರಿ ಇರುವುದಿಲ್ಲ. 2013ರಲ್ಲಿ ಶುರುವಾದ ಕ್ಷೀರಭಾಗ್ಯ ಯೋಜನೆ ಶಾಲೆ ಮಕ್ಕಳಿಗೆ ಹಾಲು ಕೊಡುವ ಯೋಜನೆ ನಿಜ, ಹಾಗೆಯೇ ಈ ಪುಡಿಗೆ ಒಬ್ಬ ಖಾಯಂ ಗಿರಾಕಿಯನ್ನು ಹುಡುಕಿಕೊಟ್ಟ ಯೋಜನೆಯೂ ಹೌದು.

ಆಮದು ಇಲ್ಲದೆಯೂ ಪುಡಿ ಎಷ್ಟು ಕೆಡಿಸಬಲ್ಲದು ಅನ್ನುವುದು 2018ರಲ್ಲಿ ಕಂಡಿತು. ದಾಸ್ತಾನು ಬೆಟ್ಟದಷ್ಟಾಗಿ ಪುಡಿಯ ಬೆಲೆ ಕುಸಿಯಿತು. ಅದರ ಹಿಂದೆಯೇ ಹಾಲಿನ ದರವೂ ಕುಸಿದು ಜುಲೈನಲ್ಲಿ ಮಹಾರಾಷ್ಟ್ರದ ರೈತರು ಹಾಲನ್ನು ರಸ್ತೆಗೆ ಸುರಿದರು. ಇಂಥ ಹೊತ್ತಿನಲ್ಲೇ ಹೊರಗಿನ ಅಗ್ಗದ ಪುಡಿಯೂ ಬಂದರೆ? ಅಲ್ಲಿ ಸಾವಿರಾರು ಹಸುಗಳ ಫಾರಂ, ಇಲ್ಲಿ ಎರಡು-ಮೂರು ಹಸು ಕಟ್ಟಿಕೊಂಡ ಮನೆ. ಕೋಲಾರ, ಮಂಡ್ಯ, ಹಾಸನದ ಕಡೆ ಮಳೆ ಕೈಕೊಟ್ಟ ವರ್ಷ ಮನೆ ನಡೆಯುವುದೇ ಹಾಲಿನ ದುಡ್ಡಿನಿಂದ. ರಾಜ್ಯ ಸರ್ಕಾರ ಲೀಟರಿಗೆ ₹5 ಪ್ರೋತ್ಸಾಹಧನ ಸೇರಿಸಿದರೂ ಹಿಂಡಿಯ ಖರ್ಚು ಕಳೆದರೆ ಉಳಿಯುವುದು ಅಷ್ಟಕ್ಕಷ್ಟೆ. ಡೇರಿ ಕ್ಷೇತ್ರವನ್ನು ಅಮೆರಿಕಕ್ಕೆ ತೆರೆದರೆ ದೇಶದಲ್ಲಿ ಹಾಲಿನ ಬೆಲೆ ಕನಿಷ್ಠ 15% ಇಳಿದು ರೈತರಿಗೆ ವರ್ಷಕ್ಕೆ ₹1.03 ಲಕ್ಷ ಕೋಟಿ ನಷ್ಟವಾಗಬಹುದು ಅಂತ 2025ರ ಜುಲೈನಲ್ಲಿ ಎಸ್‌ಬಿಐನ ಸಂಶೋಧನಾ ವರದಿ ಅಂದಾಜು ಮಾಡಿತ್ತು. ಅಂದಾಜು ಅಂದಾಜೇ, ಪೂರ್ತಿ ಬಾಗಿಲು ತೆರೆದರೆ ಅನ್ನುವ ಊಹೆಯ ಮೇಲೆ ನಿಂತಿದ್ದು. ಆದರೂ ಹೊಡೆತ ಯಾವ ಕಡೆಯಿಂದ ಬರುತ್ತದೆ ಅನ್ನುವುದನ್ನು ಅದು ತೋರಿಸುತ್ತದೆ.

ಇದಕ್ಕೆ ಎದುರು ವಾದವೂ ಇದೆ, ಅದನ್ನು ಸುಮ್ನೆ ತಳ್ಳಿಹಾಕಬಾರದು. 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲು ಒಂದೇ ಸಲ ಲೀಟರಿಗೆ ₹4 ಏರಿತು. ಅಗ್ಗದ ಪುಡಿ, ಬೆಣ್ಣೆ ಬಂದರೆ ಪಟ್ಟಣದ ಗಿರಾಕಿಗೆ, ಬೇಕರಿಗೆ, ಐಸ್‌ಕ್ರೀಂ ತಯಾರಕರಿಗೆ ಲಾಭ. ಸ್ಪರ್ಧೆ ಇಲ್ಲದ ಕಡೆ ಇಳುವರಿಯೂ ಏಳುವುದಿಲ್ಲ ಅನ್ನುತ್ತಾರೆ ಕೆಲವು ಅರ್ಥಶಾಸ್ತ್ರಜ್ಞರು. ಮಾತಿನಲ್ಲಿ ಸತ್ಯ ಇದೆ. ಆದರೆ ಗಿರಾಕಿಗೆ ಉಳಿಯುವುದು ತಿಂಗಳಿಗೆ ಚಿಲ್ಲರೆ ಕಾಸು, ಹಸು ಮಾರಬೇಕಾಗಿ ಬಂದವರ ಮನೆಯಲ್ಲಿ ಹೋಗುವುದು ಪ್ರತಿ ವಾರದ ಬಟವಾಡೆ. ಒಮ್ಮೆ ಕೊಟ್ಟಿಗೆ ಖಾಲಿಯಾದರೆ, ವಿಶ್ವ ಮಾರುಕಟ್ಟೆಯಲ್ಲಿ ಪುಡಿ ತುಟ್ಟಿಯಾದ ವರ್ಷ ಹಾಲು ಕೊಡುವವರು ಯಾರು?

ಹಾಗಂತ ಆಮದು ಯಾವಾಗಲೂ ಶತ್ರುವೂ ಅಲ್ಲ. 1970ರಲ್ಲಿ ಕ್ಷೀರಕ್ರಾಂತಿಯ ಆಪರೇಷನ್ ಫ್ಲಡ್ ಯೋಜನೆ ಶುರುವಾಗಿದ್ದೇ ಯುರೋಪ್ ದಾನ ಕೊಟ್ಟ ಹಾಲಿನ ಪುಡಿ ಮತ್ತು ಬೆಣ್ಣೆ ಎಣ್ಣೆಯಿಂದ. ಆಗ ಮೇವಿನ ಪ್ರಮಾಣಪತ್ರ ಇರಲಿಲ್ಲ. ಆ ಪುಡಿಯನ್ನು ಹಾಲು ಮಾಡಿ ಮಹಾನಗರಗಳಲ್ಲಿ ಅಗ್ಗಕ್ಕೆ ಸುರಿಯದೆ, ಸರಿಯಾದ ಬೆಲೆಗೆ ಮಾರಿ, ಬಂದ ದುಡ್ಡಿನಿಂದ ವರ್ಗೀಸ್ ಕುರಿಯನ್ ತಂಡ ಸಹಕಾರ ಸಂಘಗಳನ್ನು ಕಟ್ಟಿತು. ಅವತ್ತು ಪುಡಿ ಎಷ್ಟು ಬರಬೇಕು, ಎಷ್ಟಕ್ಕೆ ಮಾರಬೇಕು ಅನ್ನುವ ಹಿಡಿತ ನಮ್ಮ ಕೈಯಲ್ಲೇ ಇತ್ತು.

ಮುಂದೆ ಎಲ್ಲಿ ಸಡಿಲವಾಗಬಹುದು

ಪ್ರಧಾನಿ ಮೋದಿ 2025ರ ಆಗಸ್ಟ್ 7ರಂದು, ಅಮೆರಿಕದ ಸುಂಕದ ಪೆಟ್ಟು ಬಿದ್ದ ಹೊತ್ತಿನಲ್ಲಿ, ರೈತರು, ಹೈನುಗಾರರು, ಮೀನುಗಾರರ ಹಿತದಲ್ಲಿ ರಾಜಿ ಇಲ್ಲ ಅಂದರು. ಅಷ್ಟು ಬಹಿರಂಗವಾಗಿ ಹೇಳಿದ ಮೇಲೆ ಯಾವ ಸರ್ಕಾರವೂ ಮುಂಬಾಗಿಲು ತೆರೆಯುವುದಿಲ್ಲ. ಸಡಿಲವಾದರೆ ಸಣ್ಣ ಅಕ್ಷರಗಳಲ್ಲಿ ಆಗುತ್ತದೆ. ನಮ್ಮಲ್ಲಿ ತಯಾರಾಗದ ದುಬಾರಿ ಚೀಸ್‌ಗೆ ಸುಂಕ ಇಳಿಸುವುದು ಒಂದು ದಾರಿ, ಅದರಿಂದ ಹಳ್ಳಿಯ ಡೇರಿಗೆ ದೊಡ್ಡ ಹಾನಿ ಇಲ್ಲ. ಪ್ರಮಾಣಪತ್ರದಲ್ಲಿ ಇಡೀ ದೇಶದ ಬದಲು ಆಯ್ದ ಫಾರಂಗಳಿಗೆ ಮಾತ್ರ ಖಾತ್ರಿ ಕೊಟ್ಟರೆ ಸಾಕು ಅನ್ನುವ ತಿದ್ದುಪಡಿ ಇನ್ನೊಂದು ದಾರಿ, ಸುಂಕ ಹಾಗೇ ಇದ್ದರೆ ಅದೂ ತಡೆದುಕೊಳ್ಳುವಂಥದ್ದೇ.

ಕಣ್ಣಿಡಬೇಕಾದದ್ದು ಪುಡಿಯ ಕೋಟಾದ ಮೇಲೆ. ಈಗಲೂ ವರ್ಷಕ್ಕೆ 10,000 ಟನ್ ಪುಡಿಯನ್ನು 60% ಬದಲು 15% ಸುಂಕದಲ್ಲಿ ತರಿಸಲು ಅವಕಾಶ ಇದೆ. 2020ರ ಜೂನ್‌ನಲ್ಲಿ, ಲಾಕ್‌ಡೌನ್‌ನಿಂದ ಹೋಟೆಲ್‌ಗಳು ಮುಚ್ಚಿ ಹಾಲು ಮಿಕ್ಕುತ್ತಿದ್ದ ಸಮಯದಲ್ಲೇ ಇದಕ್ಕೆ ಅನುಮತಿ ಕೊಟ್ಟು ಸರ್ಕಾರ ಟೀಕೆಗೆ ಗುರಿಯಾಗಿತ್ತು. ವರ್ಷಕ್ಕೆ ಸುಮಾರು 24 ಕೋಟಿ ಟನ್ ಹಾಲು ಹಿಂಡುವ ದೇಶಕ್ಕೆ ಆ ಪ್ರಮಾಣ ಏನೂ ಅಲ್ಲ. ಆದರೆ ಆ ಅಂಕಿಗೆ ಒಂದು ಸೊನ್ನೆ ಸೇರಿದರೂ ಸಾಕು, ಹಾಲು ಮಿಕ್ಕುವ ತಿಂಗಳಲ್ಲಿ ಪುಡಿಯ ಬೆಲೆ ಹಿಡಿದು ಎಳೆಯುವುದಕ್ಕೆ. ಆ ಪುಡಿಯ ಹಸು ಬರೀ ಹುಲ್ಲು ತಿಂದಿದ್ದರೂ ಲೆಕ್ಕದಲ್ಲಿ ವ್ಯತ್ಯಾಸವಾಗುವುದಿಲ್ಲ.